ಎಂಜಿನ್ ಹೊರಗಿರುವಾಗಲೇ ಸ್ಟರ್ನ್‌ಡ್ರೈವ್ ರಿಪೇರಿ: ನನ್ನ ಅನುಭವ

ಸ್ಟರ್ನ್‌ಡ್ರೈವ್ (ಎಂಜಿನ್ ದೋಣಿಯೊಳಗೆ, ಗೇರು ಮತ್ತು ಪ್ರೊಪೆಲ್ಲರ್ ಇರುವ ಡ್ರೈವ್ ಹಿಂದುಗಡೆ ಹೊರಗೆ) ಇರುವ ದೋಣಿಯಲ್ಲಿ ಎಂಜಿನ್ ಎತ್ತಬೇಕಾದರೆ ಮೊದಲು ಹಿಂದಿನ ಡ್ರೈವ್ ಬಿಚ್ಚಬೇಕು. ಡ್ರೈವಿನ ಇನ್‌ಪುಟ್ ಶಾಫ್ಟ್ ಟ್ರಾನ್ಸಮ್‌ನ (ದೋಣಿಯ ಹಿಂಗೋಡೆಯ) ತೂತಿನಿಂದ ಒಳಗೆ ಬಂದು, ಅಲ್ಲಿ ಅದನ್ನು ಹಿಡಿದಿಡುವ ಗಿಂಬಲ್ ಬೇರಿಂಗ್ ದಾಟಿ, ಎಂಜಿನ್ನಿನ ಫ್ಲೈವೀಲಿಗೆ ಕಚ್ಚಿರುವ ಕಪ್ಲರ್‌ನ ಹಲ್ಲುಗಳೊಳಗೆ ಕೂತಿರುತ್ತದೆ. ಹೀಗಾಗಿ ಎಂಜಿನ್ ಬದಲಿಸುವ ದಿನ ಟ್ರಾನ್ಸಮ್‌ನ ಒಳಗೂ ಹೊರಗೂ ಎರಡೂ ಕಡೆಯಿಂದ ಕೈ ಆಡುತ್ತದೆ. ಬೇರೆ ಯಾವಾಗಲೂ ಅಷ್ಟು ಜಾಗ ಸಿಗುವುದಿಲ್ಲ. ಆದ್ದರಿಂದ ಬೇರಿಂಗು, ಬೆಲ್ಲೋಸು (ನೀರು ಒಳಬರದಂತೆ ತಡೆಯುವ ಮಡಿಕೆಯ ರಬ್ಬರ್ ಕೊಳವೆ), ಸೀಲುಗಳನ್ನು ನಾನು ಆಗಲೇ ಬದಲಿಸಿಬಿಡುತ್ತೇನೆ. ಇಲ್ಲಿ ಹೇಳುವ ಅಳತೆಗಳೆಲ್ಲ ಮರ್ಕ್ರೂಸರ್ ಆಲ್ಫಾ ಒನ್ ಎರಡನೇ ತಲೆಮಾರಿನ ಡ್ರೈವಿಗೆ ಸಂಬಂಧಿಸಿದವು. ಬೇರೆ ಮಾದರಿಯಾದರೆ ಅದರ ಕೈಪಿಡಿಯ ಅಂಕಿಗಳನ್ನೇ ಹಿಡಿಯಿರಿ.

ಪಾನಾ ಹಿಡಿಯುವ ಮೊದಲು ಗೇರ್ ಆಯಿಲ್ ಇಳಿಸಿ ನೋಡುತ್ತೇನೆ. ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಯಾವುದೋ ಸೀಲಿನಿಂದ ನೀರು ನುಗ್ಗಿದೆ. ತಳದ ಅಯಸ್ಕಾಂತದ ಸ್ಕ್ರೂಗೆ ಬೂದು ಬಣ್ಣದ ನುಣ್ಣನೆಯ ಲೇಪ ಅಂಟಿದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಒಳಗೆ ಗೇರ್ ಅಥವಾ ಬೇರಿಂಗ್ ಒಡೆಯುತ್ತಿದೆ ಎಂದೇ ಅರ್ಥ. ಅಂಥ ಡ್ರೈವಿಗೆ ಬರೀ ಬೆಲ್ಲೋಸ್ ಬದಲಿಸಿ ಪ್ರಯೋಜನವಿಲ್ಲ.

ಬಿಚ್ಚುವಾಗ ಡ್ರೈವ್ ಮುಂದಿನ ಗೇರಿನಲ್ಲಿ, ಅಂದರೆ ದೋಣಿ ಮುಂದಕ್ಕೆ ಹೋಗುವ ಗೇರಿನಲ್ಲಿ, ಇರಬೇಕು. ಗೇರ್ ಹಾಕುವಾಗ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸುತ್ತಿರಿ. ನಿಂತ ಗೇರಿನ ಮೇಲೆ ಲಿವರ್ ಒತ್ತಿದರೆ ಕೇಬಲ್ ಬಾಗುತ್ತದೆ. ಡ್ರೈವನ್ನು ಎತ್ತಿ ಇಳಿಸುವ ಟ್ರಿಮ್ ಸಿಲಿಂಡರ್‌ಗಳ ಹಿಂತುದಿ ಕಳಚಿ, 6 ನಟ್ಟು ಬಿಚ್ಚಿ, ಡ್ರೈವನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಒಬ್ಬರೇ ಹಿಡಿಯುವ ತೂಕವಲ್ಲ ಅದು, ಕೆಳಗೆ ಸ್ಟ್ಯಾಂಡ್ ಅಥವಾ ಮೇಲೆ ಚೈನ್ ಬ್ಲಾಕ್ ಇರಲಿ. ಸ್ಟಡ್‌ಗಳಿಗೆ ತುಕ್ಕು ಕಚ್ಚಿ ಡ್ರೈವ್ ಬಾರದೆ ಇದ್ದಾಗ ಸಂದಿಯೊಳಗೆ ಉಳಿ ತೂರಿಸಿ ಮೀಟಬೇಡಿ. ಅಲ್ಯೂಮಿನಿಯಂ ಮುಖದ ಮೇಲೆ ಒಂದು ಗೀರು ಬಿದ್ದರೂ ಗ್ಯಾಸ್ಕೆಟ್ ಅಲ್ಲಿ ಸೋರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ರಬ್ಬರ್ ಸುತ್ತಿಗೆಯಿಂದ ಎರಡೂ ಪಕ್ಕ ತಟ್ಟುತ್ತಾ ಹೋದರೆ ಬರುತ್ತದೆ.

ಎಂಜಿನ್ ಎತ್ತಿದ ಮೇಲೆ ಮೊದಲು ಟ್ರಾನ್ಸಮ್ ನೋಡಿ. ಫೈಬರ್‌ಗ್ಲಾಸ್ ಒಳಗಿನ ಮರ ಕೊಳೆತಿದ್ದರೆ ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಮಂಕು ಸದ್ದು ಬರುತ್ತದೆ. ಅನುಮಾನ ಇದ್ದಲ್ಲಿ ಒಳಬದಿಯಿಂದ ಸಣ್ಣ ತೂತು ಕೊರೆದು ಹೊಟ್ಟು ನೋಡುತ್ತೇನೆ. ಒದ್ದೆಯಾಗಿ ಕಪ್ಪಾಗಿ ಬಂದರೆ ಎಂಜಿನ್ ಕೂರಿಸುವ ಮಾತು ಅಲ್ಲಿಗೇ ನಿಂತಿತು. ಹೊಟ್ಟು ಒಣಗಿದ್ದರೆ ತೂತಿಗೆ ಎಪಾಕ್ಸಿ ತುಂಬಿ ಮುಚ್ಚಬೇಕು. ಟ್ರಾನ್ಸಮ್ ದಪ್ಪ 51ರಿಂದ 57 ಮಿ.ಮೀ. ಒಳಗಿರಬೇಕು, ಒಳಮುಖ ಹೊರಮುಖ ಸಮಾನಾಂತರವಾಗಿ ಸುಮಾರು 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಇನ್ನು ಬೆಲ್ಲೋಸ್. ಮೂರು ಇವೆ: ಯೂನಿವರ್ಸಲ್ ಜಾಯಿಂಟಿನದು, ಎಕ್ಸಾಸ್ಟಿನದು, ಗೇರ್ ಕೇಬಲ್ಲಿನದು. ಕೇಬಲ್ಲಿನದು ಹೆಬ್ಬೆರಳಷ್ಟೇ ದಪ್ಪ, ಆದರೆ ಅದೂ ನೀರಿನ ಮಟ್ಟಕ್ಕಿಂತ ಕೆಳಗಿದೆ. ಅದು ಹರಿದರೂ ದೋಣಿಯೊಳಗೆ ನೀರು ತುಂಬುತ್ತದೆ. ಮೂರನ್ನೂ ಒಟ್ಟಿಗೇ ಬದಲಿಸಿ, ಕ್ಲಾಂಪ್‌ಗಳನ್ನೂ ಹೊಸದೇ ಹಾಕಿ. ಈ ಕೆಲಸ ಕೆಡುವುದು ಬಹುತೇಕ ಶುಚಿ ಮಾಡುವಲ್ಲಿ. ಹಳೆಯ ಅಂಟು ಒಂದು ಪದರ ಉಳಿದರೂ ಹೊಸ ಬೆಲ್ಲೋಸ್ ಅದರ ಮೇಲೆ ಜಾರುತ್ತದೆ. ಫ್ಲೇಂಜನ್ನು ಲೋಹ ಮಿನುಗುವ ತನಕ ತಿಕ್ಕಿ, ದ್ರಾವಕದಲ್ಲಿ ಒರೆಸಿ, ಬೆಲ್ಲೋಸ್ ಅಂಟು ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ತಾಕಿ ತಾಕದಂತೆ ಅಂಟುವ ಹದಕ್ಕೆ ಬರುವವರೆಗೆ, ಅಂದರೆ ಸುಮಾರು 10 ನಿಮಿಷ, ಕಾಯಬೇಕು. ಹಸಿ ಅಂಟಿನ ಮೇಲೆ ಏರಿಸಿದರೆ ಕ್ಲಾಂಪ್ ಬಿಗಿ ಮಾಡುವಷ್ಟರಲ್ಲಿ ಅಂಚು ಹೊರಬರುತ್ತದೆ. ಕ್ಲಾಂಪಿನ ಸ್ಕ್ರೂ ಮುಂದೆ ಪಾನಾ ತಲುಪುವ ದಿಕ್ಕಿಗೆ ಇರಲಿ.

ಗಿಂಬಲ್ ಬೇರಿಂಗನ್ನು ಬೆರಳಿಂದ ತಿರುಗಿಸಿದಾಗ ಮರಳು ಸಿಕ್ಕಂತೆ ಕರಕರ ಎಂದರೆ, ಅಥವಾ ಬೆಲ್ಲೋಸ್ ಒಳಗೆ ಒಮ್ಮೆ ನೀರು ಕಂಡಿದ್ದರೆ, ಯೋಚನೆ ಬೇಡ, ಬದಲಿಸಿ. ಮೂರು ಕೊಕ್ಕಿನ ಪುಲ್ಲರ್‌ಗೆ ಸ್ಲೈಡ್ ಹ್ಯಾಮರ್ ಜೋಡಿಸಿ ಎಳೆಯಬೇಕು. ಹೊಸದನ್ನು ಹೊಡೆಯುವ ಮೊದಲು ಗ್ರೀಸ್ ಹೋಗುವ ಮಾದರಿಯಾದರೆ ಬೇರಿಂಗಿನ ತೂತು ಹೌಸಿಂಗಿನ ಗ್ರೀಸ್ ದಾರಿಗೆ ಸರಿಯಾಗಿ ಹೊಂದಿದೆಯೇ ನೋಡಿಕೊಳ್ಳಿ. ಹೊಂದದಿದ್ದರೆ ನೀವು ಒತ್ತುವ ಗ್ರೀಸ್ ಬೇರಿಂಗನ್ನು ಮುಟ್ಟುವುದೇ ಇಲ್ಲ. ಯೂನಿವರ್ಸಲ್ ಜಾಯಿಂಟಿನ ಎರಡೂ ಕ್ರಾಸ್‌ಗಳನ್ನು ಎಲ್ಲ ದಿಕ್ಕಿಗೂ ಬಾಗಿಸಿ ನೋಡಿ. ಎಲ್ಲಿಯಾದರೂ ತಡೆದು ತಡೆದು ಬಾಗಿದರೆ ಸೂಜಿ ಬೇರಿಂಗ್‌ಗಳು ಹೊಂಡ ಬಿದ್ದಿವೆ. ಶಾಫ್ಟಿನ ಮೇಲಿನ ಸಣ್ಣ ಓ ರಿಂಗ್‌ಗಳನ್ನು ಮರೆಯಬೇಡಿ.

ಎಂಜಿನ್ ತಣಿಸುವ ನೀರಿನ ಪಂಪಿನ ಇಂಪೆಲ್ಲರ್ (ರಬ್ಬರ್ ರೆಕ್ಕೆಯ ಚಕ್ರ) ಈ ಡ್ರೈವಿನಲ್ಲಿ ಕೆಳಗಿನ ಭಾಗದ ತಲೆಯಲ್ಲಿದೆ. ಹಳೆಯದರ ರೆಕ್ಕೆ ಮುರಿದಿದ್ದರೆ ಆ ಚೂರುಗಳನ್ನೆಲ್ಲ ಲೆಕ್ಕ ಹಾಕಿ ಹುಡುಕಿ ತೆಗೆಯಿರಿ. ಸಿಗದ ಚೂರು ಪವರ್ ಸ್ಟೀರಿಂಗ್ ಕೂಲರಿನಲ್ಲೋ ಥರ್ಮೋಸ್ಟಾಟ್ ಮನೆಯಲ್ಲೋ ಸಿಕ್ಕಿಕೊಂಡು ಹೊಸ ಎಂಜಿನ್ನನ್ನು ಬೇಯಿಸುತ್ತದೆ.

ಹಳೆಯ ಎಂಜಿನ್ ಯಾಕೆ ಸತ್ತಿತು ಎಂಬುದನ್ನು ತಿಳಿಯದೆ ಹೊಸದನ್ನು ಕೂರಿಸಬಾರದು ಎನ್ನುವುದು ನನ್ನ ಪಟ್ಟು. ಸಿಲಿಂಡರಿನಲ್ಲಿ ನೀರು ಇದ್ದಿದ್ದರೆ ತಪ್ಪು ಬಹುಪಾಲು ಎಕ್ಸಾಸ್ಟಿನದು. ಹೊಗೆ ಹೊರಹೋಗುವ ಮ್ಯಾನಿಫೋಲ್ಡ್, ಅದರ ಮೇಲಿನ ಕೊಳವೆಯಾದ ರೈಸರ್ ಒಳಗಿನಿಂದ ತುಕ್ಕು ತಿಂದು ನೀರಿನ ದಾರಿಯಿಂದ ಹೊಗೆಯ ದಾರಿಗೆ ಸೋರುತ್ತದೆ. ಎಕ್ಸಾಸ್ಟ್ ಕೊಳವೆಯೊಳಗಿನ ರಬ್ಬರ್ ಮುಚ್ಚಳ ಸುಟ್ಟು ಬಿದ್ದಿದ್ದರೆ ಹಿಂದಿನಿಂದಲೂ ನೀರು ಏರುತ್ತದೆ. ಹಳೆಯ ಮ್ಯಾನಿಫೋಲ್ಡನ್ನೇ ಹೊಸ ಎಂಜಿನ್ನಿಗೆ ಕಟ್ಟಿದರೆ ಅದೇ ಕಾಯಿಲೆ ಮರುಕಳಿಸುತ್ತದೆ. ಅದೇ ರೀತಿ, ನಾಲ್ಕು ಸಿಲಿಂಡರಿನ 3.0 ಲೀಟರ್ ಎಂಜಿನ್ ತೆಗೆದು 5.7 ಲೀಟರ್ ವಿ8 ಹಾಕುವವರು ಡ್ರೈವಿನ ಗೇರ್ ಅನುಪಾತ (ಪ್ರೊಪೆಲ್ಲರಿನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು) ನೋಡಬೇಕು. ಮೊದಲನೆಯದಕ್ಕೆ 1.94:1, ಎರಡನೆಯದಕ್ಕೆ 1.47:1. ಹಳೆಯ ಅನುಪಾತವನ್ನೇ ಬಿಟ್ಟರೆ ಹೊಸ ಎಂಜಿನ್ನಿನ ಶಕ್ತಿ ದೋಣಿಯ ವೇಗಕ್ಕೆ ಬರುವುದೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಅಲೈನ್‌ಮೆಂಟಿಗೆ, ಅಂದರೆ ಎಂಜಿನ್ನನ್ನು ಡ್ರೈವಿನ ಶಾಫ್ಟಿನ ನೇರಕ್ಕೆ ತರುವುದಕ್ಕೆ. ಎಂಜಿನ್ ಇಳಿಸುವಾಗ ಹಿಂದಿನ ಮೌಂಟಿನ (ಎಂಜಿನ್ ಕೂರುವ ಆಧಾರದ) ಫೈಬರ್ ವಾಷರ್, ಎರಡು ಸುತ್ತಿನ ಲಾಕ್ ವಾಷರ್ ಎರಡೂ ಸ್ವಸ್ಥಾನದಲ್ಲಿರಲಿ. ಜಜ್ಜಿಹೋದ ಫೈಬರ್ ವಾಷರ್ ಉಳಿದರೆ ಎಂಜಿನ್ನಿನ ಹಿಂಭಾಗ ತಗ್ಗುತ್ತದೆ, ಆಮೇಲೆ ಮುಂದಿನ ಮೌಂಟನ್ನು ಎಷ್ಟು ತಿರುಗಿಸಿದರೂ ಸರಿಬರುವುದಿಲ್ಲ. ದೋಣಿ ಟ್ರೈಲರಿನ ಮೇಲೆ ಸಮನಾಗಿ ಕೂತಿರಬೇಕು, ತಳ ಒಂದು ಕಡೆ ಬಗ್ಗಿದ್ದರೆ ಅಳತೆಯೂ ಬಗ್ಗುತ್ತದೆ.

ಅಲೈನ್‌ಮೆಂಟ್ ಸರಳಿನ ತುದಿಗೆ ಗ್ರೀಸ್ ಸವರಿ ಬೇರಿಂಗಿನ ಮೂಲಕ ಕಪ್ಲರಿಗೆ ತೂರಿಸಿ. ಎರಡು ಬೆರಳಿನ ಬಲಕ್ಕೆ ಅದು ಒಳಗೆ ಹೋಗಿ, ಹಾಗೇ ಹೊರಬರಬೇಕು. ಹೊರತೆಗೆದು ಗ್ರೀಸಿನ ಮೇಲೆ ಹಲ್ಲುಗಳ ಅಚ್ಚು ನೋಡಿ: ಸುತ್ತಲೂ ಒಂದೇ ಸಮ ಇದ್ದರೆ ಸರಿ. ಒಂದೇ ಪಕ್ಕಕ್ಕೆ ಗಾಢವಾಗಿ ಬಿದ್ದಿದ್ದರೆ ಮುಂದಿನ ಎರಡು ಮೌಂಟುಗಳನ್ನು ಕಾಲು ಸುತ್ತು ಸಮವಾಗಿ ಏರಿಸಿಯೋ ಇಳಿಸಿಯೋ ಮತ್ತೆ ನೋಡಬೇಕು. ಸರಿಯಾಯಿತು ಎನಿಸಿದ ಮೇಲೆ ಎಂಜಿನ್ನನ್ನು ಒತ್ತಿ ಅಲುಗಿಸಿ, ಕ್ರ್ಯಾಂಕ್ 90 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಪರೀಕ್ಷಿಸಿ. ಒಂದೂಕಾಲು ಗಂಟೆ ಹಿಡಿದರೂ ಪರವಾಗಿಲ್ಲ. ಕೂದಲೆಳೆಯಷ್ಟು ಓರೆ ಉಳಿದರೂ ಕಪ್ಲರಿನ ಹಲ್ಲುಗಳು ಸವೆದು, ಒಂದು ದಿನ ಎಂಜಿನ್ ಮಾತ್ರ ಕೂಗಿಕೊಂಡು ದೋಣಿ ನಿಂತಲ್ಲೇ ನಿಲ್ಲುತ್ತದೆ.

ಜೋಡಿಸುವ ಮೊದಲು ಡ್ರೈವಿನ ಒಳಗೆ 10ರಿಂದ 12 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಗಾಳಿ ತುಂಬಿ, ಗೇಜಿನ ಮುಳ್ಳು 15 ನಿಮಿಷ ಇಳಿಯದೆ ನಿಲ್ಲುತ್ತದೆಯೇ ನೋಡುತ್ತೇನೆ. ಸೋಪಿನ ನೊರೆ ಗುಳ್ಳೆ ಎದ್ದಲ್ಲಿ ಸೀಲು ಹೋಗಿದೆ. ಶಾಫ್ಟಿನ ಹಲ್ಲುಗಳಿಗೆ ಕಪ್ಲರ್ ಗ್ರೀಸ್ ಧಾರಾಳವಾಗಿ ಹಚ್ಚಿ, ಹೊಸ ಗ್ಯಾಸ್ಕೆಟ್, ನೀರಿನ ದಾರಿಯ ಸೀಲು ಕೂರಿಸಿ, ಮುಂದಿನ ಗೇರಿನಲ್ಲಿಯೇ ಡ್ರೈವನ್ನು ತಳ್ಳಿ. ಹಲ್ಲು ಕೂಡದಿದ್ದರೆ ಪ್ರೊಪೆಲ್ಲರ್ ಶಾಫ್ಟನ್ನು ನಿಧಾನಕ್ಕೆ ತಿರುಗಿಸಿ. ನಟ್ಟುಗಳನ್ನು ಬಿಗಿಸುತ್ತಾ ಡ್ರೈವನ್ನು ಎಳೆದುಕೊಳ್ಳುವ ಆಟ ಬೇಡ, ಕೈಬಲಕ್ಕೇ ಅದು ಕೂರಬೇಕು. ಆಮೇಲೆ ಆರೂ ನಟ್ಟುಗಳನ್ನು ಎದುರುಬದುರಾಗಿ 68 ನ್ಯೂಟನ್ ಮೀಟರಿಗೆ ಬಿಗಿ ಮಾಡಿ.

ಗೇರ್ ಆಯಿಲನ್ನು ಕೆಳಗಿನ ತೂತಿನಿಂದಲೇ ಪಂಪ್ ಮಾಡಿ, ಮೇಲಿನಿಂದ ಗುಳ್ಳೆಯಿಲ್ಲದೆ ಹರಿಯುವ ತನಕ ತುಂಬಿ. ಮೇಲಿನಿಂದ ಸುರಿದರೆ ಗಾಳಿ ಉಳಿದು ಲೆಕ್ಕ ತಪ್ಪುತ್ತದೆ. ದೋಣಿಯೊಳಗಿನ ಆಯಿಲ್ ಡಬ್ಬಿ ಸೇರಿ ಸುಮಾರು 1.9 ಲೀಟರ್ ಹಿಡಿಯುತ್ತದೆ. ಆನೋಡುಗಳ (ಡ್ರೈವಿನ ಬದಲು ತಾವು ಸವೆದು ಅದನ್ನು ಉಳಿಸುವ ಲೋಹದ ತುಂಡುಗಳ) ಮೇಲೆ ಬಣ್ಣ ಹಚ್ಚಬೇಡಿ. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ.

ಪೆಟ್ರೋಲ್ ಎಂಜಿನ್ನಾದರೆ ಮೊದಲ ಚಾಲನೆಗೆ ಮುಂಚೆ ಎಂಜಿನ್ ಕೋಣೆಯ ಪೆಟ್ರೋಲ್ ಆವಿ ಹೊರಹಾಕುವ ಬ್ಲೋವರ್ ಫ್ಯಾನು 4 ನಿಮಿಷವಾದರೂ ಓಡಲಿ. ದಡದ ಮೇಲೆ ಓಡಿಸುವಾಗ ಮಫ್‌ಗೆ (ಡ್ರೈವಿನ ನೀರು ಹೀರುವ ತೂತುಗಳ ಮೇಲೆ ಕೂರಿಸುವ ರಬ್ಬರ್ ಬಟ್ಟಲಿಗೆ) ಪೈಪಿನ ನೀರು ಬಿಟ್ಟ ಮೇಲಷ್ಟೇ ಎಂಜಿನ್ ಚಾಲೂ ಮಾಡಿ, 1500 ಆರ್‌ಪಿಎಂ ದಾಟಬೇಡಿ. ನೀರಿಗಿಳಿಸಿದ ಕೂಡಲೇ ಬಿಲ್ಜ್‌ನಲ್ಲಿ (ದೋಣಿಯ ಒಳತಳದಲ್ಲಿ) ಟಾರ್ಚ್ ಹಿಡಿದು ಟ್ರಾನ್ಸಮ್ ಸುತ್ತ ನೋಡಿ, ಡ್ರೈವನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಮೇಲೆತ್ತಿ ಇಳಿಸಿ ಮತ್ತೊಮ್ಮೆ ನೋಡಿ. ಕೆಲವು ಗಂಟೆ ಓಡಿದ ಮೇಲೆ ಆರು ನಟ್ಟುಗಳಿಗೆ ಮತ್ತೆ ಟಾರ್ಕ್ ಪಾನಾ ಹಾಕಿ, ಕೆಳಗಿನ ಸ್ಕ್ರೂ ಸಡಿಲಿಸಿ ಆಯಿಲಿನ ಬಣ್ಣ ಒಂದು ಹನಿ ನೋಡಿಕೊಳ್ಳಿ.