ಮನೆಯ ವಿಡಿಯೊಗಳನ್ನು ಒಂದೇ ಮಾದರಿಗೆ ತರುವ ಸ್ಕ್ರಿಪ್ಟ್

ವರ್ಷಗಟ್ಟಲೆ ಬೇರೆ ಬೇರೆ ಕ್ಯಾಮೆರಾ ಮತ್ತು ಫೋನುಗಳಿಂದ ಬಂದು ಸೇರಿದ ಮನೆಯ ವಿಡಿಯೊಗಳು ಎವಿಐ, ಎಂಟಿಎಸ್, ಎಂಒವಿ, 3ಜಿಪಿ ಎಂದು ಹಲವು ರೂಪಗಳಲ್ಲಿರುತ್ತವೆ. ಅವುಗಳನ್ನೆಲ್ಲ ಎಂಪಿ4 ರೂಪಕ್ಕೆ ತರಲು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುವ ಚಿಕ್ಕ ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಸಾಲಾಗಿ ಕೊಡುವ ಆಜ್ಞೆಗಳ ಕಡತ) ಸಾಕು. ಆದರೆ ಎಲ್ಲ ಕಡತಗಳಿಗೂ ಒಂದೇ ಆಜ್ಞೆಯನ್ನು ಕೊಟ್ಟುಬಿಡುವ ಸ್ಕ್ರಿಪ್ಟನ್ನು ದಯವಿಟ್ಟು ಬರೆಯಬೇಡಿ. ಮರಳಿ ಎನ್‌ಕೋಡ್ ಮಾಡಿದ, ಅಂದರೆ ಚಿತ್ರವನ್ನು ಹೊಸದಾಗಿ ಸಂಕುಚಿಸಿ ಬರೆದ, ಪ್ರತಿ ಸಲವೂ ಚಿತ್ರದ ಗುಣಮಟ್ಟ ಸ್ವಲ್ಪ ಕುಂದುತ್ತದೆ, ಕುಂದಿದ್ದು ಮತ್ತೆ ಸಿಗುವುದಿಲ್ಲ.

ಆದ್ದರಿಂದ ಸ್ಕ್ರಿಪ್ಟಿನ ಮೊದಲ ಕೆಲಸ ಪರೀಕ್ಷೆ. ಕಡತದ ವಿಸ್ತರಣೆ ಹೇಳುವುದು ಹೊರಗಿನ ಡಬ್ಬಿಯ ಹೆಸರನ್ನು ಮಾತ್ರ. ಒಳಗಿರುವ ಚಿತ್ರ ಮತ್ತು ಧ್ವನಿ ಯಾವ ಕೋಡೆಕ್‌ನಲ್ಲಿವೆ (ಸಂಕುಚಿಸುವ ವಿಧಾನದಲ್ಲಿವೆ) ಎಂಬುದನ್ನು ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್ ತಿಳಿಸುತ್ತದೆ. ಚಿತ್ರ ಎಚ್.264, ಧ್ವನಿ ಎಎಸಿ ಆಗಿದ್ದರೆ ಎರಡನ್ನೂ ಹಾಗೆಯೇ ನಕಲಿಸಿ ಡಬ್ಬಿಯನ್ನಷ್ಟೇ ಬದಲಿಸಿದರಾಯಿತು. ಇದು ಬೇಗನೆ ಮುಗಿಯುತ್ತದೆ, ಗುಣಮಟ್ಟವೂ ಕುಂದುವುದಿಲ್ಲ. ಕ್ಯಾಮ್‌ಕಾರ್ಡರಿನ ಎಂಟಿಎಸ್ ಕಡತಗಳಲ್ಲಿ ಸಾಮಾನ್ಯವಾಗಿ ಚಿತ್ರ ಎಚ್.264 ಆಗಿದ್ದು ಧ್ವನಿ ಎಸಿ-3 ಆಗಿರುತ್ತದೆ. ಅಲ್ಲಿ ಧ್ವನಿಯನ್ನು ಮಾತ್ರ ಪರಿವರ್ತಿಸಬೇಕು.

ಉಳಿದ ಹಳೆಯ ಕೋಡೆಕ್‌ಗಳಿಗಷ್ಟೇ ಎನ್‌ಕೋಡಿಂಗ್ ಬೇಕಾಗುತ್ತದೆ. ಎಚ್.264 ಚಿತ್ರವನ್ನು ತಯಾರಿಸುವ ಎಕ್ಸ್264 ತಂತ್ರಾಂಶದಲ್ಲಿ ಗುಣಮಟ್ಟವನ್ನು ನಿರ್ಧರಿಸುವ ಸಿಆರ್‌ಎಫ್ ಅಂಕ 0ರಿಂದ 51ರವರೆಗೆ ಇರುತ್ತದೆ, ಅಂಕ ಇಳಿದಂತೆ ಗುಣಮಟ್ಟ ಏರುತ್ತದೆ, ಏನೂ ಹೇಳದಿದ್ದರೆ 23 ಆಗಿರುತ್ತದೆ. ಮತ್ತೆಂದೂ ಚಿತ್ರೀಕರಿಸಲಾಗದ ದೃಶ್ಯಗಳಿಗೆ ಕಡತ ದೊಡ್ಡದಾದರೂ ಚಿಂತೆಯಿಲ್ಲ, 18 ಇಡುವುದೇ ಲೇಸೆಂದು ನನ್ನ ಅಭಿಪ್ರಾಯ. ಟೇಪಿನಿಂದ ಇಳಿಸಿಕೊಂಡ ಡಿವಿ ದೃಶ್ಯಗಳು ಸಾಮಾನ್ಯವಾಗಿ ಇಂಟರ್‌ಲೇಸ್ಡ್ (ಪ್ರತಿ ಚಿತ್ರವೂ ಸಮ ಮತ್ತು ಬೆಸ ಗೆರೆಗಳ ಎರಡು ಭಾಗವಾಗಿ ದಾಖಲಾದವು) ಆಗಿರುವುದರಿಂದ ಚಲಿಸುವ ವಸ್ತುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಅಂಥವಕ್ಕೆ ಮಾತ್ರ ಆ ಗೆರೆಗಳನ್ನು ತೆಗೆಯುವ ಬಿಡಬ್ಲ್ಯೂಡಿಐಎಫ್ ಫಿಲ್ಟರ್ ಸೇರಿಸಿ. ಹೊಸ ಫೋನುಗಳ 10 ಬಿಟ್ ಎಚ್‌ಡಿಆರ್ (ಬೆಳಕು ಮತ್ತು ಬಣ್ಣದ ವ್ಯಾಪ್ತಿ ಹೆಚ್ಚಿರುವ) ವಿಡಿಯೊಗಳನ್ನಾದರೋ ಸ್ಕ್ರಿಪ್ಟ್ ಬಿಟ್ಟು ಮುಂದೆ ಹೋಗಲಿ, ಏಕೆಂದರೆ ಟೋನ್ ಮ್ಯಾಪಿಂಗ್ (ಆ ವ್ಯಾಪ್ತಿಯನ್ನು ಸಾಮಾನ್ಯ ಪರದೆಗೆ ಹೊಂದಿಸುವುದು) ಇಲ್ಲದೆ 8 ಬಿಟ್‌ಗೆ ಇಳಿಸಿದರೆ ಬಣ್ಣಗಳು ಮಂಕಾಗುತ್ತವೆ.

ದಿನಾಂಕದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮೂಲದ ಮೆಟಾಡೇಟಾವನ್ನು (ದಿನಾಂಕದಂಥ ಒಳಮಾಹಿತಿಯನ್ನು) ಹೊಸ ಕಡತಕ್ಕೆ ಒಯ್ಯುವಂತೆ ಸ್ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಹೇಳಿ, ಟಚ್ ಆಜ್ಞೆಯಿಂದ ಕಡತದ ಸಮಯವನ್ನೂ ಮೂಲದಂತೆಯೇ ಇರಿಸಿ. ಹೆಸರನ್ನು ವರ್ಷ, ತಿಂಗಳು, ದಿನ, ಗಂಟೆ ಎಂಬ ಕ್ರಮದಲ್ಲಿಟ್ಟರೆ ಪಟ್ಟಿ ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ಎಂಪಿ4ರ ಒಳಗಿನ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇರಬೇಕೆಂಬುದು ನಿಯಮವಾದರೂ ಕೆಲವು ಕ್ಯಾಮೆರಾಗಳು ಸ್ಥಳೀಯ ಸಮಯವನ್ನೇ ಬರೆದಿರುತ್ತವೆ. ಪ್ರತಿ ಕ್ಯಾಮೆರಾದ ಒಂದೆರಡು ಕಡತಗಳನ್ನು ನೋಡಿದ ನಂತರವೇ ಹೆಸರು ಬದಲಿಸಿ.

ಕಡತಗಳ ಹೆಸರಿನಲ್ಲಿ ಖಾಲಿ ಜಾಗವಿರಬಹುದಾದ್ದರಿಂದ ಸ್ಕ್ರಿಪ್ಟಿನ ಚರಗಳನ್ನು (ಆ ಹೆಸರುಗಳನ್ನು ಹಿಡಿದಿಡುವ ಪದಗಳನ್ನು) ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಕಡತಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಲೂಪಿನೊಳಗೆ ಎಫ್‌ಎಫ್‌ಎಂಪೆಗ್ ಓಡಿಸುವಾಗ ಅದು ಇನ್‌ಪುಟ್ ಓದದಂತೆ ತಡೆಯುವ ನೋಸ್ಟಡ್‌ಇನ್ ಆಯ್ಕೆಯನ್ನು ಮರೆಯಬೇಡಿ. ಇಲ್ಲವಾದರೆ ಲೂಪ್ ಓದಬೇಕಾದ ಹೆಸರುಗಳನ್ನು ಎಫ್‌ಎಫ್‌ಎಂಪೆಗ್ಗೇ ನುಂಗಿಬಿಡುತ್ತದೆ.

ಹೊಸ ಕಡತಗಳು ಬೇರೊಂದು ಫೋಲ್ಡರಿಗೆ ಹೋಗಲಿ, ಮೂಲವನ್ನು ಅಳಿಸುವ ಆಜ್ಞೆ ಸ್ಕ್ರಿಪ್ಟಿನಲ್ಲಿ ಇರಲೇಬಾರದು. ಎರಡರ ಅವಧಿಯಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಹೊಸ ಕಡತವನ್ನು ಕೊನೆಯವರೆಗೂ ಡಿಕೋಡ್ ಮಾಡಿ ನೋಡುವಾಗ ದೋಷ ಕಂಡರೆ, ಅದರ ಹೆಸರು ಒಂದು ಪಟ್ಟಿಗೆ ಸೇರಲಿ. ಆ ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ತೆರೆದು ಕಣ್ಣಾರೆ ನೋಡಿ.