ನಾಲ್ಕಿಂಚಿನ ಜಾಗದಲ್ಲಿ ಆರೂವರೆ ಇಂಚಿನ ಸ್ಪೀಕರ್: ನನ್ನ ಅನುಭವ

"ಆಗಲ್ಲ ಬಿಡಿ ಸಾರ್, ಗ್ಲಾಸ್ ತಗಲುತ್ತೆ." ಈ ಮಾತನ್ನು ನನಗೆ ಮೂರು ಜನ ಹೇಳಿದ್ದರು. ಒಬ್ಬರು ಕಾರ್ ಸ್ಟೀರಿಯೊ ಹಾಕುವವರು. ಇನ್ನೊಬ್ಬ ಗೆಳೆಯ. ಮೂರನೆಯವನು ನನ್ನ ತಮ್ಮ. ಅವನಿಗೆ ಸ್ಪೀಕರ್ ಬಗ್ಗೆ ಏನೂ ಗೊತ್ತಿಲ್ಲ, ಆದರೂ ಹೇಳಿದ. ಈಗ ನನ್ನ ಹಳೇ ಕಾರಿನ ಮುಂದಿನ ಎರಡೂ ಬಾಗಿಲಲ್ಲಿ ಆರೂವರೆ ಇಂಚಿನ ಸ್ಪೀಕರ್ ಕೂತು ಎರಡು ಮಳೆಗಾಲ ಕಳೆದಿವೆ. ಗ್ಲಾಸ್ ಪೂರ್ತಿ ಇಳಿಯುತ್ತದೆ, ಪೂರ್ತಿ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರಿನಲ್ಲಿ ಮೊದಲಿದ್ದದ್ದು ಕಾಗದದ ಕೋನ್ ಇರುವ ನಾಲ್ಕಿಂಚಿನ ಸ್ಪೀಕರ್. ಗ್ಲಾಸ್ ಕೈಯಲ್ಲಿ ತಿರುಗಿಸುವಂಥದ್ದು. ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಮುಖದ ಹೊದಿಕೆ, ಬಿಚ್ಚುವುದು ನಿಮಗೆ ಗೊತ್ತೇ ಇದೆ, ಅದನ್ನು ಬಿಡೋಣ. ಒಂದೇ ಮಾತು: ಗ್ಲಾಸ್ ತಿರುಗಿಸುವ ಹ್ಯಾಂಡಲ್ ಹಿಂದಿನ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಹಾಕಿ ತಿವಿಯಬೇಡಿ. ಹಳೇ ಬಟ್ಟೆಯೊಂದನ್ನು ಹ್ಯಾಂಡಲ್ ಹಿಂದೆ ತೂರಿಸಿ, ಶೂ ಪಾಲಿಶ್ ಮಾಡುವ ಹಾಗೆ ಆಚೆ ಈಚೆ ಎಳೆಯಿರಿ. ಕ್ಲಿಪ್ ಟಪ್ ಅಂತ ಹಾರುತ್ತದೆ. ಎಲ್ಲಿಗೆ ಹಾರಿತು ಅಂತ ಮಾತ್ರ ನೋಡಿಕೊಳ್ಳಿ. ನಾನು ನೋಡಿಕೊಳ್ಳಲಿಲ್ಲ.

ಮೊದಲ ತಪ್ಪು ಆಗಿದ್ದು ಅಳತೆಯಲ್ಲಿ. ಗ್ಲಾಸ್ ಮೇಲಿದ್ದಾಗಲೇ ಆಳ ನೋಡಿದೆ. ಜಾಗ ಬೇಕಾದಷ್ಟಿದೆ ಅನ್ನಿಸಿತು. ಅಂಗಡಿಗೆ ಹೋಗಿ 62 ಮಿ.ಮೀ. ಆಳದ ಜೋಡಿ ತಂದೆ. ತಗಡಿಗೂ ಸ್ಪೀಕರಿಗೂ ಮಧ್ಯೆ 12 ಮಿ.ಮೀ. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ರಿಂಗ್ ಇಟ್ಟು ಕೂರಿಸಿ ಗ್ಲಾಸ್ ಇಳಿಸಿದರೆ ಮುಕ್ಕಾಲು ಭಾಗ ಇಳಿದು ಟಕ್ ಅಂತ ನಿಂತಿತು. ಒಡೆಯಲಿಲ್ಲ, ಪುಣ್ಯ. ಆಮೇಲೆ ಮಕ್ಕಳು ಆಡುವ ಜೇಡಿಮಣ್ಣಿನ ಉಂಡೆಯನ್ನು ಮ್ಯಾಗ್ನೆಟ್ ಬೆನ್ನಿಗೆ ಅಂಟಿಸಿ, ಸ್ಪೀಕರನ್ನು ಕೈಯಲ್ಲಿ ಹಿಡಿದುಕೊಂಡು ಗ್ಲಾಸ್ ನಿಧಾನ ಇಳಿಸಿದೆ. ಮಣ್ಣು ಎಷ್ಟು ಚಪ್ಪಟೆಯಾಯಿತೋ ಅದೇ ಲೆಕ್ಕ. ಬಾಗಿಲಿನ ಒಳತಗಡಿನಿಂದ ಗ್ಲಾಸಿಗೆ ಇರುವುದು ಹೆಚ್ಚೆಂದರೆ 44 ಮಿ.ಮೀ. ಗ್ಲಾಸ್ ಕುಲುಕಾಡುವುದಕ್ಕೆ ಒಂದೈದು ಮಿ.ಮೀ. ಬಿಟ್ಟರೆ ರಿಂಗ್ 23, 24 ಆದರೂ ಬೇಕು. ಅಷ್ಟು ದಪ್ಪ ಇಟ್ಟರೆ ಡೋರ್ ಪ್ಯಾಡ್ ಕೂರುವುದಿಲ್ಲ. ಸ್ಟೀರಿಯೊದವರು ಹೇಳಿದ್ದು ಇದನ್ನೇ, ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ.

ಆಗ ನಾನು ಸುಲಭದ ದಾರಿ ಹಿಡಿದೆ. ಆ ಜೋಡಿಯನ್ನು ಎತ್ತಿಟ್ಟು, 45 ಮಿ.ಮೀ. ಆಳದ ಚಪ್ಪಟೆ ಜೋಡಿ ಕೊಂಡೆ. ಚೆನ್ನಾಗಿ ಕೂತಿತು. ಹಾಡು ಹಾಕಿದರೆ ಬೇಸ್ ಎಲ್ಲಿ? ಹಳೇ ನಾಲ್ಕಿಂಚೇ ವಾಸಿ ಅನ್ನಿಸಿತು. ಸ್ಪೀಕರೇ ಸರಿಯಿಲ್ಲ ಅಂತ ಬೈದುಕೊಂಡು ಅರ್ಧ ಬೆಲೆಗೆ ಮಾರಿಬಿಟ್ಟೆ.

ತಪ್ಪು ಸ್ಪೀಕರಿನದ್ದಲ್ಲ ಅಂತ ಗೊತ್ತಾಗಿದ್ದು ಹದಿನೈದು ದಿನ ಆದಮೇಲೆ. ದಪ್ಪ ಜೋಡಿಯಲ್ಲಿ ಒಂದನ್ನು ಸುಮ್ನೆ ಬಾಗಿಲಿಗೆ ಒತ್ತಿಕಟ್ಟಿ, ಪ್ಯಾಡ್ ಇಲ್ಲದೆ ಹಾಡು ಹಾಕಿ ನೋಡುತ್ತಿದ್ದೆ. ಬಾಗಿಲ ಒಳತಗಡಿನಲ್ಲಿ ಗ್ಲಾಸ್ ಮೆಕ್ಯಾನಿಸಂ ತಲುಪಲು ದೊಡ್ಡ ಬಾಯಿ ಇರುತ್ತದಲ್ವಾ, ಅಲ್ಲಿ ಬಿದ್ದಿದ್ದ ರಟ್ಟಿನ ಡಬ್ಬದ ಮುಚ್ಚಳವನ್ನು ಅಡ್ಡ ಹಿಡಿದೆ. ತಬಲಾ ತಟ್ಟನೆ ಮುಂದೆ ಬಂತು. ತೆಗೆದೆ, ಹೋಯಿತು. ಮತ್ತೆ ಹಿಡಿದೆ, ಬಂತು. ಐದಾರು ಸಲ ಹಾಗೇ ಮಾಡಿದೆ, ಮಗುವಿನ ಹಾಗೆ. ಕೋನಿನ ಹಿಂದಿನ ಗಾಳಿ ಆ ಬಾಯಿಂದ ಈಚೆ ಬಂದು ಮುಂದಿನ ಗಾಳಿಯನ್ನು ಕೊಲ್ಲುತ್ತಿತ್ತು. ಮಾರಿದ ಚಪ್ಪಟೆ ಜೋಡಿ ಕಣ್ಣ ಮುಂದೆ ಬಂತು.

ಅಲ್ಲಿಂದ ಕೆಲಸ ಸರಿ ದಾರಿಗೆ ಬಂತು. ಆದರೂ ನಷ್ಟ ಮುಗಿಯಲಿಲ್ಲ.

ರಿಂಗಿಗೆ ಎಂಡಿಎಫ್ ಬೇಡವೇ ಬೇಡ. ಬಾಗಿಲೊಳಗೆ ನೀರು ಬಂದೇ ಬರುತ್ತದೆ, ಗ್ಲಾಸ್ ಜೊತೆ ಇಳಿದು ಕೆಳಗಿನ ತೂತುಗಳಿಂದ ಹೋಗುತ್ತದೆ. ನನ್ನ 24 ಮಿ.ಮೀ. ಎಂಡಿಎಫ್ ರಿಂಗ್ ಒಂದೇ ಮಳೆಗಾಲಕ್ಕೆ ನೆನೆದ ರೊಟ್ಟಿಯ ಹಾಗೆ ಉಬ್ಬಿತು, ಸ್ಕ್ರೂ ಹಿಡಿತ ಬಿಟ್ಟವು. ಈಗ ಇರುವುದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಬೋರ್ಡ್. 12 ಮಿ.ಮೀ.ದು ಎರಡು ಪದರ. ಅದಕ್ಕೆ ಮಾಮೂಲಿ ಅಂಟು ಹಿಡಿಯುವುದಿಲ್ಲ, ಹಾಗಾಗಿ ಎರಡನ್ನೂ ಸೇರಿಸಿ ಬೋಲ್ಟ್ ಹಾಕಬೇಕು. ಜಿಗ್‌ಸಾ ವೇಗ ಕಡಿಮೆ ಇಡಿ. ಜೋರಾಗಿ ಓಡಿಸಿದರೆ ಪ್ಲಾಸ್ಟಿಕ್ ಕರಗಿ, ಬ್ಲೇಡ್ ಮುಂದೆ ಹೋದಂತೆ ಹಿಂದೆ ಮತ್ತೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಕೊಯ್ದು ಎತ್ತಿದರೆ ಬೋರ್ಡ್ ಇಡಿಯಾಗೇ ಕೈಗೆ ಬರುತ್ತದೆ.

ಡೋರ್ ಪ್ಯಾಡಿನ ಸಮಸ್ಯೆಗೆ ನಾನು ಪ್ಯಾಡನ್ನೇ ಕತ್ತರಿಸಿದೆ. ರಿಂಗ್ ಪ್ಯಾಡನ್ನು ದಾಟಿ ಈಚೆ ಬರುತ್ತದೆ, ಗ್ರಿಲ್ ಹೊರಗೆ ಕೂರುತ್ತದೆ. ಕತ್ತರಿಸಿದ ಅಂಚು ಕಂಪನಿಯಿಂದಲೇ ಹಾಗೆ ಬಂದಂತೆ ಕಾಣುತ್ತದೆ, ನೋಡಿದವರೆಲ್ಲ ಕೇಳುತ್ತಾರೆ. ಆ ಅಂಚನ್ನು ಹೇಗೆ ಮುಗಿಸಿದೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮೂರು ಹಳೇ ಪ್ಯಾಡ್ ಹಾಳು ಮಾಡಿ ಕಲಿತದ್ದು.

ಇನ್ನು ತಗಡು. ನಾಲ್ಕಿಂಚಿನ ತೂತನ್ನು 125 ಮಿ.ಮೀ. ಆಸುಪಾಸಿಗೆ ದೊಡ್ಡದು ಮಾಡಬೇಕಾಯಿತು. ಕೊಯ್ದೆ, ಅರ ಹಾಕಿ ಉಜ್ಜಿದೆ, ಬಟ್ಟೆಯಲ್ಲಿ ಒರೆಸಿದೆ, ಸ್ಪೀಕರ್ ಕೂರಿಸಿದೆ. ಎರಡನೇ ದಿನ ಎಡಗಡೆ ಕರಕರ ಶುರುವಾಯಿತು. ಬಿಚ್ಚಿ ನೋಡಿದರೆ ಮ್ಯಾಗ್ನೆಟ್ ಮೇಲೆ ಕಬ್ಬಿಣದ ಪುಡಿ ಗಡ್ಡದ ಹಾಗೆ ನಿಂತಿದೆ. ಅಷ್ಟೇ ಆಗಿದ್ದರೆ ಒರೆಸಬಹುದಿತ್ತು. ಕೋನನ್ನು ಅಲುಗಿಸುವ ಕಾಯಿಲ್ ಓಡಾಡುವ ಸಂದಿಯೊಳಕ್ಕೂ ಪುಡಿ ಹೋಗಿತ್ತು. ಕೋನನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಮರಳು ತುಂಬಿದ ಡ್ರಾಯರ್ ಎಳೆದಂತೆ. ಸ್ಪೀಕರ್ ಹೋಯಿತು. ಒಂದನ್ನೇ ಯಾರೂ ಕೊಡುವುದಿಲ್ಲ, ಮತ್ತೊಂದು ಜೋಡಿ ಕೊಂಡೆ. ಈಗ ಕೊಯ್ಯುವ ಮೊದಲೇ ಕೆಳಗೆ ಒದ್ದೆ ಬಟ್ಟೆ ಕಟ್ಟುತ್ತೇನೆ. ಆ ಸತ್ತ ಸ್ಪೀಕರಿನ ಮ್ಯಾಗ್ನೆಟ್ಟನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಾಗಿಲೊಳಗೆಲ್ಲ ಓಡಿಸುತ್ತೇನೆ. ಚೀಲವನ್ನು ಒಳಗಿಂದ ಹೊರಗೆ ತಿರುಗಿಸಿದರೆ ಪುಡಿಯೆಲ್ಲ ಒಳಗೇ ಉಳಿಯುತ್ತದೆ. ಕೊಯ್ದ ಅಂಚಿಗೆ ಪ್ರೈಮರ್ ಬಳಿಯದಿದ್ದರೆ ತುಕ್ಕು ಗ್ಯಾರಂಟಿ.

ತಗಡಿನ ಅದುರು ತಗ್ಗಿಸುವ ಡ್ಯಾಂಪಿಂಗ್ ಶೀಟಲ್ಲಿ ದುಡ್ಡು ಉಳಿಸಲು ಹೋಗಿ ಇನ್ನೊಂದು ಪೆಟ್ಟು ತಿಂದೆ. ಮನೆ ಚಾವಣಿಗೆ ಅಂಟಿಸುವ ಡಾಂಬರಿನ ಶೀಟ್ ಸಿಕ್ಕಾಪಟ್ಟೆ ಅಗ್ಗ. ಅದನ್ನೇ ಹಾಕಿದೆ. ಬಿಸಿಲಿಗೆ ಕಾರೊಳಗೆ ರಸ್ತೆ ಹಾಕುವ ಕಡೆಯ ವಾಸನೆ. ಆಮೇಲೆ ಅದು ನಿಧಾನ ಜಾರಿ ನೀರು ಹೋಗುವ ತೂತನ್ನು ಮುಚ್ಚಿಕೊಂಡಿತು. ತಿರುವಿನಲ್ಲಿ ಬಾಗಿಲೊಳಗೆ ಗುಳಗುಳ ಸದ್ದು ಕೇಳಿದಾಗಲೇ ನನಗೆ ಗೊತ್ತಾಗಿದ್ದು. ಕೆರೆದು ತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು. ಈಗ ಇರುವುದು ಅಲ್ಯೂಮಿನಿಯಂ ಮುಖದ ಬ್ಯುಟೈಲ್ ರಬ್ಬರಿನ ಶೀಟ್, ಹೊರ ತಗಡಿಗೆ ಅಲ್ಲಲ್ಲಿ, ಒಳ ತಗಡಿಗೆ ಪೂರ್ತಿ. ದೊಡ್ಡ ಬಾಯಿಗೆ ಶೀಟನ್ನೇ ಅಂಟಿಸಬೇಡಿ, ನಾಳೆ ಗ್ಲಾಸ್ ಮೆಕ್ಯಾನಿಸಂ ಕೆಟ್ಟರೆ ಅಳಬೇಕಾಗುತ್ತದೆ. ನಾನು ಒಂದು ಮಿ.ಮೀ. ಅಲ್ಯೂಮಿನಿಯಂ ತಗಡು ಕತ್ತರಿಸಿ, ಅಂಚಿಗೆ ಬ್ಯುಟೈಲ್ ಇಟ್ಟು ಸ್ಕ್ರೂ ಹಾಕಿದ್ದೇನೆ.

ಮಧ್ಯೆ ಕೆಲವು ಹುಚ್ಚಾಟಗಳೂ ನಡೆದವು. ಬಾಗಿಲೊಳಗೆ ದಿಂಬಿನ ಹತ್ತಿ ತುಂಬಿ ನೋಡಿದೆ. ಧ್ವನಿ ನಿಜಕ್ಕೂ ಮೃದುವಾಯಿತು, ಮಳೆ ಬಂದಮೇಲೆ ಮುಗ್ಗಲು ವಾಸನೆಯೂ ಬಂತು. ಸ್ಪೀಕರ್ ಬೆನ್ನಿಗೆ ಸ್ಪಂಜಿನ ಬಟ್ಟಲು ಹಾಕಿದೆ. ಅದು ನೀರು ತಡೆಯಿತು, ಬೇಸ್ ಕತ್ತನ್ನೂ ಹಿಸುಕಿತು. ಅದರ ತಳ ಕತ್ತರಿಸಿ, ಮೇಲಿನ ಅರ್ಧವನ್ನು ಮಾತ್ರ ಕೊಡೆಯ ಹಾಗೆ ಉಳಿಸಿಕೊಂಡೆ, ಅದು ಈಗಲೂ ಇದೆ. 400 ಮೈಕ್ರೋಫ್ಯಾರಡ್ ನಾನ್‌ಪೋಲಾರ್ ಕೆಪಾಸಿಟರ್ ಹಾಕಿ 100 ಹರ್ಟ್ಸ್ ಕೆಳಗಿನ ದಪ್ಪ ಸ್ವರಗಳನ್ನು ತಗ್ಗಿಸುವ ಪ್ರಯತ್ನವೂ ಆಯಿತು. ಸ್ಟೀರಿಯೊದಲ್ಲೇ 80ರ ಕೆಳಗಿನದನ್ನು ತಡೆಯುವ ಹೈಪಾಸ್ ಇರುವಾಗ ಅದು ದಂಡ.

ಆಂಪ್ಲಿಫೈಯರ್ ಹಾಕಿಲ್ಲ. ಸ್ಟೀರಿಯೊ ಡಬ್ಬದ ಮೇಲೆ 50 ವ್ಯಾಟ್ ಅಂತ ದೊಡ್ಡದಾಗಿ ಬರೆದಿದ್ದರೂ ಚಾನೆಲಿಗೆ ಬರುವುದು ಇಪ್ಪತ್ತರ ಆಸುಪಾಸು. ಹಾಗಾಗಿ ಎರಡನೇ ಸಲ ಕೊಳ್ಳುವಾಗ ವ್ಯಾಟ್ ನೋಡಲೇ ಇಲ್ಲ, ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವುದನ್ನು ನೋಡಿದೆ. 3 ಡಿಬಿ ಜಾಸ್ತಿ ಇದ್ದರೆ ಪವರ್ ಎರಡು ಪಟ್ಟು ಕೊಟ್ಟಂತೆಯೇ. ವೈರ್ ಸೇರಿಸುವ ಮೊದಲು ಒಂದೂವರೆ ವೋಲ್ಟಿನ ಸೆಲ್ ಮುಟ್ಟಿಸಿ ಎರಡೂ ಕೋನ್ ಒಂದೇ ಕಡೆ ಜಿಗಿಯುತ್ತವೆಯೇ ನೋಡಿ. ಒಂದು ಉಲ್ಟಾ ಇದ್ದರೂ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಒಂದು ಜೋಡಿ ಸ್ಪೀಕರಿನ ಬೆಲೆ ಒಂದು ಪಾಲು ಅಂತ ಇಟ್ಟುಕೊಳ್ಳಿ. ಎರಡು ದಪ್ಪ ಜೋಡಿ ಎರಡು ಪಾಲು, ಚಪ್ಪಟೆ ಜೋಡಿಯ ನಷ್ಟ ಅರ್ಧ, ಶೀಟು, ಬೋರ್ಡು, ಬೋಲ್ಟು ಎಲ್ಲ ಸೇರಿ ಇನ್ನೊಂದರ್ಧ. ಒಟ್ಟು ಮೂರು. ಮೊದಲೇ ಬುದ್ಧಿ ಇದ್ದಿದ್ದರೆ ಒಂದೂವರೆಗೆ ಮುಗಿಯುತ್ತಿತ್ತು. ಅಂಗಡಿಯವರು ಬೇಸಿಗೆಂದೇ ಇಡುವ ಸಬ್‌ವೂಫರ್ ಸೇರಿಸಿ ಹೇಳಿದ್ದು ಐದಕ್ಕಿಂತ ಮೇಲೆ.

ಕೊನೆಗೆ ಫೋನಿನಿಂದ 40ರಿಂದ 200 ಹರ್ಟ್ಸ್ ತನಕ ಟೋನ್ ನಿಧಾನ ಏರಿಸಿ ಎಲ್ಲೆಲ್ಲಿ ಗಡಗಡ ಅನ್ನುತ್ತದೆ ಹುಡುಕಿದೆ. ಲಾಕಿನ ಕಂಬಿಗೆ ಸ್ಪಂಜ್ ಟೇಪ್ ಸುತ್ತಿದಮೇಲೆ ಮುಕ್ಕಾಲು ಹೋಯಿತು. 90ರ ಹತ್ತಿರ ಒಂದು ಚಿರ್ ಅನ್ನುವ ಸದ್ದು ಮಾತ್ರ ಬಿಡಲೊಲ್ಲದು. ಬಾಗಿಲ ಜೇಬಿನಲ್ಲಿ, ಹಳೇ ಕಾಗದಗಳ ಅಡಿಯಲ್ಲಿ ಸಿಕ್ಕಿತು: ಅವತ್ತು ಹಾರಿದ ಹ್ಯಾಂಡಲ್ ಕ್ಲಿಪ್.

ತಮ್ಮ ಬಂದು ಮುಂದಿನ ಸೀಟಲ್ಲಿ ಕೂತು ಎರಡು ಹಾಡು ಕೇಳಿದ. "ಸಬ್ ಎಲ್ಲಿಟ್ಟಿದ್ದೀಯ ಅಣ್ಣ?" ಅಂದ. ಡಿಕ್ಕಿ ತೆಗೆದು ತೋರಿಸಿದೆ. ಸ್ಟೆಪ್ನಿ ಬಿಟ್ಟರೆ ಏನಿಲ್ಲ.

ಒಂದು ಕೊರತೆ ಇನ್ನೂ ಇದೆ. ಗ್ರಿಲ್ ಹೊರಗೆ ಬಂದಿದ್ದರಿಂದ, ಡ್ರೈವರ್ ಕಡೆ ಗ್ಲಾಸ್ ತಿರುಗಿಸುವಾಗ ಹ್ಯಾಂಡಲಿನ ಗುಂಡಿ ಕೆಳಗೆ ಬಂದಾಗ ಗ್ರಿಲ್ಲಿಗೆ ಸವರುತ್ತದೆ. ಗುಂಡಿಯನ್ನು ಎರಡು ಮಿ.ಮೀ. ಅರದಲ್ಲಿ ಉಜ್ಜಿದ್ದೇನೆ, ಇನ್ನೊಂದು ಮಿ.ಮೀ. ಬಾಕಿ ಇದೆ.