ಮಾಸ್ತರಿಗೆ ಹತ್ತೊಂಬತ್ತರ ಮಗ್ಗಿ ಮರೆತಿರಲಿಲ್ಲ

ನಮ್ಮ ಅವ್ವ ಐಸಿಯುನಲ್ಲಿದ್ದ ದಿನ ನಾನು ಮನೆಗೆ ಬಂದು ಗೋಡೆಗೆ ಒರಗಿ ಅಳುತ್ತಿದ್ದೆ. ನಮ್ಮ ಮನೆಯವರು ಎದುರಿಗೆ ನಿಂತು, "ಊಟಕ್ಕ ಏನ್ ಮಾಡೀ?" ಎಂದರು. ನಾನು ಮಾತಾಡದಿದ್ದಾಗ ಡಬ್ಬಿಯಿಂದ ಬೆಲ್ಲ ತೆಗೆದುಕೊಂಡು ತಿನ್ನುತ್ತ ಟಿವಿ ಮುಂದೆ ಕುಳಿತರು. ಅವರಿಗಾಗ 51 ವರ್ಷ. ಬಾಗಲಕೋಟೆ ಹತ್ತಿರದ ಸರಕಾರಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು.

ಮರೆವು ಇದ್ದಿದ್ದರೆ ಕಾಯಿಲೆ ಎಂದು ಯಾರಾದರೂ ನಂಬುತ್ತಿದ್ದರು. ಹತ್ತೊಂಬತ್ತರ ಮಗ್ಗಿ ತಡವರಿಸದೆ ಹೇಳುತ್ತಿದ್ದರು, ಎಲ್ಲರ ಹುಟ್ಟಿದ ದಿನ ನೆನಪಿತ್ತು. ಆದರೆ ಜಳಕ ಬಿಟ್ಟರು. ಅಂಗಡಿಗೆ ಹೋಗಿ ಕರದಂಟು ಎತ್ತಿಕೊಂಡು ದುಡ್ಡು ಕೊಡದೆ ಬರುತ್ತಿದ್ದರು. ತರಗತಿಯಲ್ಲಿ ಸುಮ್ಮನೆ ಕುಳಿತಿರುತ್ತಾರೆಂದು ನೋಟಿಸ್ ಬಂತು. "ವೈನಿ, ಅಣ್ಣಗ ಸೊಕ್ಕು ಬಂದೈತ್ರಿ" ಎಂದ ಮೈದುನ. ಒಬ್ಬ ಡಾಕ್ಟರು ವರ್ಷವಿಡೀ ಖಿನ್ನತೆ ಎಂದು ನೋಡಿದರು. ಇನ್ನೊಬ್ಬರು ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಬರೆದರು. ಅದನ್ನು ತೆಗೆದುಕೊಂಡಾಗಿನಿಂದ ಚಡಪಡಿಕೆ ಹೆಚ್ಚಾಗಿ ರಾತ್ರಿ ನಿದ್ದೆಯೂ ಹೋಯಿತು.

ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿ ನನ್ನನ್ನು ಬೇರೆ ಕೂರಿಸಿ ಎರಡು ವರ್ಷದ ಕಥೆಯೆಲ್ಲ ಕೇಳಿಕೊಂಡರು. ಎಂಆರ್‌ಐನಲ್ಲಿ ಮೆದುಳಿನ ಮುಂಭಾಗ, ಕಿವಿಯ ಪಕ್ಕದ ಭಾಗ ಎರಡೂ ಕುಗ್ಗಿದ್ದವು. ಫ್ರಂಟೊಟೆಂಪೊರಲ್ ಡಿಮೆನ್ಷಿಯಾ ಎಂದರು. ಸಾಮಾನ್ಯವಾಗಿ 45ರಿಂದ 65ರೊಳಗೆ, ದುಡಿಯುವ ವಯಸ್ಸಿನಲ್ಲೇ ಶುರುವಾಗುವ ಕಾಯಿಲೆ. ಮರುಕ, ನಾಚಿಕೆ, ತಡೆದುಕೊಳ್ಳುವ ಶಕ್ತಿ ಇವೆಲ್ಲ ಮೆದುಳಿನ ಅದೇ ಭಾಗದ ಕೆಲಸವಂತೆ. ಅದು ಮೊದಲು ಹೋಗುತ್ತದೆ, ನೆನಪು ಬಹಳ ಕಾಲ ಉಳಿಯುತ್ತದೆ. ಡೊನೆಪೆಜಿಲ್ ಇದಕ್ಕೆ ನಾಟುವುದಿಲ್ಲ, ಕೆಲವರಲ್ಲಿ ವರ್ತನೆ ಕೆಡಿಸುತ್ತದೆ ಎಂದು ನಿಲ್ಲಿಸಿದರು. ರೋಗವನ್ನೇ ತಡೆಯುವ ಔಷಧ ಇನ್ನೂ ಇಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಮರಳುವಾಗ ಇಡೀ ರಾತ್ರಿ ಅವರ ಮುಖ ನೋಡುತ್ತ ಕುಳಿತೆ. ಎರಡು ವರ್ಷ ಅವರೊಡನೆ ಜಗಳಾಡಿದ್ದೆನಲ್ಲ, ಅದೇ ಸುಡುತ್ತಿತ್ತು.

ಊರಿಗೆ ಬಂದವಳೇ ಬುದ್ಧಿ ಹೇಳುವುದನ್ನು ಬಿಟ್ಟೆ. ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ: ಎಷ್ಟು ಹೊತ್ತಿಗೆ ಸಿಟ್ಟು ಬಂತು, ಅದಕ್ಕೂ ಮುಂಚೆ ಏನಾಗಿತ್ತು, ಏನು ಮಾಡಿದಾಗ ತಣ್ಣಗಾದರು. ಮೂರು ವಾರದಲ್ಲಿ ಗೊತ್ತಾಯಿತು, ಬಾಗಿಲು ಬಡಿಯುವುದು ದಿನವೂ ಸಂಜೆ ನಾಲ್ಕೂವರೆಗೆ, ಶಾಲೆ ಬಿಡುವ ಹೊತ್ತಿಗೆ. ಆಗಿನಿಂದ ನಾಲ್ಕು ಇಪ್ಪತ್ತಕ್ಕೇ ನಾನು ಚಪ್ಪಲಿ ಹಾಕಿಕೊಂಡು ನಿಲ್ಲುತ್ತೇನೆ. ನವನಗರದ ನಮ್ಮ ಸೆಕ್ಟರಿನಲ್ಲಿ ಒಂದೇ ದಾರಿ, ಒಂದೇ ತಿರುವು, ಒಂದೇ ಕಟ್ಟೆ. ದಾರಿ ಬದಲಾಯಿಸಿದ ದಿನ ಇಬ್ಬರಿಗೂ ಕಷ್ಟ.

ಆ ದಾರಿಯ ಅಂಗಡಿಗಳಿಗೆಲ್ಲ ನಾನೇ ಹೋಗಿ ಹೇಳಿದೆ. ಇದು ನನಗೆ ಎಲ್ಲಕ್ಕಿಂತ ಕಠಿಣವಾಗಿತ್ತು. ಆದರೆ ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ. ಕರದಂಟಿನ ಅಂಗಡಿಯ ಕಾಕಾ, "ಅಕ್ಕಾರ, ಮಾಸ್ತರ್ ತಗೊಂಡಿದ್ದು ಬರದಿಡ್ತೀನ್ರಿ, ತಿಂಗಳಿಗೊಮ್ಮೆ ಕೊಡ್ರಿ" ಎಂದರು. ಈಗ ದಿನಕ್ಕೊಂದು ಸಣ್ಣ ತುಂಡು ಮಾತ್ರ ಕೊಡುತ್ತಾರೆ. ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಇರುತ್ತದೆ: ಇವರಿಗೆ ಮೆದುಳಿನ ಕಾಯಿಲೆ ಇದೆ, ಬೈಯಬೇಡಿ, ಈ ನಂಬರಿಗೆ ಫೋನ್ ಮಾಡಿ.

ಮನೆಯಲ್ಲಿ ಬೆಲ್ಲ, ಸಕ್ಕರೆ ಕಪಾಟಿನೊಳಗೆ ಕೀಲಿ ಹಾಕಿ ಇಡುತ್ತೇನೆ, ಕೈಗೆ ಸಿಗುವಲ್ಲಿ ಬಾಳೆಹಣ್ಣು. ಊಟದಲ್ಲಿ ತುತ್ತಿನ ಮೇಲೆ ತುತ್ತು ತುರುಕಿಕೊಳ್ಳುತ್ತಾರೆ. ಅದಕ್ಕೇ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಸ್ವಲ್ಪ ಸ್ವಲ್ಪವೇ ಬಡಿಸುತ್ತೇನೆ. ಫೋನಿನಿಂದ ಫೋನ್‌ಪೇ ತೆಗೆಸಿದೆ. ಇದನ್ನು ಮೊದಲೇ ಮಾಡಬೇಕಿತ್ತು, ಅಪರಿಚಿತರಿಗೆ ಹೋದ ದುಡ್ಡು ಮರಳಿ ಬರಲಿಲ್ಲ.

ನೌಕರಿ ಉಳಿದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿಂದ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ ಎನ್ನುತ್ತದೆ ಅದರ 20ನೆಯ ಕಲಂ. ನೋಟಿಸಿಗೆ ಉತ್ತರವಾಗಿ ಆ ಕಲಮಿನ ಪ್ರತಿಯನ್ನೂ ಅಂಗವೈಕಲ್ಯದ ಪ್ರಮಾಣಪತ್ರವನ್ನೂ ಲಗತ್ತಿಸಿದೆ. ಮನೆಯಲ್ಲಿ ಇಂಥವರಿದ್ದರೆ ರಾಜೀನಾಮೆಗೆ ಮಾತ್ರ ಸಹಿ ಮಾಡಿಸಬೇಡಿ.

ಧಾರವಾಡದಲ್ಲಿ ಓದುವ ಮಗಳು ಒಂದು ರಾತ್ರಿ ಫೋನಿನಲ್ಲಿ, "ನನಗೂ ಬರತೈತೇನವ್ವಾ?" ಎಂದಳು. ನನಗೆ ಉಸಿರೇ ನಿಂತಂತಾಯಿತು. ಮುಂದಿನ ಸಲ ಬೆಂಗಳೂರಿಗೆ ಅವಳನ್ನೂ ಕರೆದೊಯ್ದೆ. ಕೆಲವು ಮನೆತನಗಳಲ್ಲಿ ಒಂದೇ ಜೀನಿನ ದೋಷದಿಂದ ಬರುತ್ತದೆ, 2011ರಲ್ಲಿ ಪತ್ತೆಯಾದ ಸಿ9ಆರ್ಫ್72 ಅಂಥದ್ದೊಂದು. ಆ ದೋಷವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಹೆಚ್ಚಿನವರಲ್ಲಿ ಹಾಗೆ ಬಂದಿರುವುದಿಲ್ಲ. ಪರೀಕ್ಷೆಗೆ ಮುಂಚೆ ಆಪ್ತ ಸಲಹೆ ಆಗಲೇಬೇಕು, ಅವಸರ ಬೇಡ ಎಂದರು. ಮಗಳು ಸದ್ಯಕ್ಕೆ ಬೇಡವೆಂದಿದ್ದಾಳೆ. ನಾನು ಒತ್ತಾಯಿಸಿಲ್ಲ.

ಈ ಕಾಯಿಲೆಯಲ್ಲಿ ಯಾವ ಪ್ರೋಟೀನು ಗಂಟುಕಟ್ಟಿದೆ, ಟೌ ಅಥವಾ ಟಿಡಿಪಿ-43, ಎಂಬುದು ಬಹುಪಾಲು ರೋಗಿಗಳಲ್ಲಿ ಮರಣಾನಂತರ ಮೆದುಳನ್ನು ಪರೀಕ್ಷಿಸಿದಾಗಲೇ ಖಚಿತವಾಗುವುದು. ಅದಕ್ಕಾಗಿ ನಿಮ್ಹಾನ್ಸ್‌ನಲ್ಲಿ ಮೆದುಳಿನ ಬ್ಯಾಂಕೇ ಇದೆ. ದಾನದ ಬಗ್ಗೆ ಕೇಳಿಕೊಂಡು ಬಂದಿದ್ದೇನೆ. ಮೈದುನ ಒಪ್ಪಿಲ್ಲ, ಅತ್ತೆಯವರಿಗೆ ಇನ್ನೂ ಹೇಳಿಲ್ಲ. ದೀಪಾವಳಿಗೆ ಮಗಳು ಬಂದಾಗ ಎಲ್ಲರೂ ಕೂತು ಮಾತಾಡುವುದಿದೆ.